‘ಬರ್ನಿಷ್’: ಒಂದು ಇಂಗ್ಲಿಷ್ ಪದದ ಅರ್ಥ, ಮೂಲ ಮತ್ತು ಕನ್ನಡದ ಸಮಾನಪದದ ಪ್ರಶ್ನೆ

ಇಂಗ್ಲಿಷಿನ ‘ಬರ್ನಿಷ್’ ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ‘ಮೆರುಗು ಕೊಡು’, ‘ಹೊಳಪು ಕೊಡು’, ‘ನಯಗೊಳಿಸು’ ಎಂಬ ಅರ್ಥಗಳನ್ನು ಹೇಳುವುದು ವಾಡಿಕೆ. ‘ಪಾಲಿಶ್’ ಎಂಬ ಪದಕ್ಕೂ ಹೆಚ್ಚುಕಡಿಮೆ ಇವೇ ಅರ್ಥಗಳು ದೊರೆಯುತ್ತವೆ. ‘ಫರ್ಬಿಷ್’, ‘ವಾರ್ನಿಷ್’ ಎಂಬ ಪದಗಳ ವಿಷಯದಲ್ಲಿಯೂ ‘ಮೆರುಗು’ ಎಂಬ ಪದವೇ ಮುಂದೆ ಬಂದು ನಿಲ್ಲುತ್ತದೆ. ದಿನನಿತ್ಯದ ಮಾತಿನಲ್ಲಿ ಇದರಿಂದ ತೊಂದರೆಯೇನೂ ಇಲ್ಲ. ಆದರೆ ಪುರಾತತ್ತ್ವ, ಕಲೆಯ ಇತಿಹಾಸ, ಲೋಹಶಿಲ್ಪ ಮೊದಲಾದ ವಿಷಯಗಳನ್ನು ಕನ್ನಡದಲ್ಲಿ ಬರೆಯುವಾಗ ಈ ನಾಲ್ಕೂ ಪದಗಳು ನಾಲ್ಕು ಬೇರೆ ಬೇರೆ ಕೆಲಸಗಳನ್ನು ಸೂಚಿಸುತ್ತವೆಂಬುದನ್ನು ಮರೆಯುವಂತಿಲ್ಲ. ಒಂದರಲ್ಲಿ ವಸ್ತುವಿನ ಮೇಲ್ಮೈ ಸವೆಯುತ್ತದೆ, ಮತ್ತೊಂದರಲ್ಲಿ ತುಕ್ಕು ಕಳೆಯುತ್ತದೆ, ಮೂರನೆಯದರಲ್ಲಿ ಹೊರಗಿನ ಲೇಪವೊಂದು ಸೇರುತ್ತದೆ. ‘ಬರ್ನಿಷ್’ ಎಂಬ ಕೆಲಸದಲ್ಲಿ ಮಾತ್ರ ವಸ್ತುವಿಗೆ ಏನನ್ನೂ ಸೇರಿಸುವುದಿಲ್ಲ, ಅದರಿಂದ ಏನನ್ನೂ ತೆಗೆಯುವುದೂ ಇಲ್ಲ. ಅದರ ಮೇಲ್ಮೈಯನ್ನು ಗಟ್ಟಿಯಾದ, ನುಣುಪಾದ ಇನ್ನೊಂದು ವಸ್ತುವಿನಿಂದ ಒತ್ತಿ ಉಜ್ಜಿ, ಅದರೊಳಗಿನ ಕಾಂತಿಯನ್ನೇ ಹೊರತರಲಾಗುತ್ತದೆ. ಈ ಪದದ ಚರಿತ್ರೆಯನ್ನೂ ಅದರ ಹಿಂದಿರುವ ಅನುಭವವನ್ನೂ ಪರಿಶೀಲಿಸಿ, ಕನ್ನಡದಲ್ಲಿ ಅದಕ್ಕೆ ಒಪ್ಪುವ ಪದ ಯಾವುದೆಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

೧. ಪದದ ವಂಶಾವಳಿ

‘ಬರ್ನಿಷ್’ ಇಂಗ್ಲಿಷಿಗೆ ಬಂದುದು ಹಳೆಯ ಫ್ರೆಂಚಿನಿಂದ. ಕ್ರಿ.ಶ. 14ನೆಯ ಶತಮಾನದ ಇಂಗ್ಲಿಷಿನಲ್ಲಿ ಅದರ ಬಳಕೆ ಕಾಣಸಿಗುತ್ತದೆ. ಹಳೆಯ ಫ್ರೆಂಚಿನಲ್ಲಿ ‘ಬ್ರುನಿರ್’ ಮತ್ತು ‘ಬುರ್ನಿರ್’ ಎಂಬ ಎರಡು ರೂಪಗಳಿದ್ದುವು. ಇವುಗಳಲ್ಲಿ ‘ಬ್ರುನಿರ್’ ಮೂಲರೂಪ, ‘ಬುರ್ನಿರ್’ ಅದರಿಂದ ವರ್ಣಪಲ್ಲಟವಾಗಿ ಹುಟ್ಟಿದ ರೂಪ. ‘ರ’ಕಾರವೂ ಅದರ ಪಕ್ಕದ ಸ್ವರವೂ ಸ್ಥಾನ ಬದಲಿಸಿಕೊಂಡುದರಿಂದ ‘ಬ್ರು’ ಎಂಬುದು ‘ಬುರ್’ ಆಯಿತು. ಇಂಗ್ಲಿಷಿನಲ್ಲಿಯೇ ‘ಬ್ರಿಡ್’ ಎಂಬುದು ‘ಬರ್ಡ್’ ಆದುದು, ‘ಥ್ರಿಡ್’ ಎಂಬುದು ‘ಥರ್ಡ್’ ಆದುದು ಇಂಥದೇ ಬದಲಾವಣೆಯಿಂದ. ವರ್ಣಪಲ್ಲಟ ಭಾರತೀಯ ಭಾಷೆಗಳಿಗೂ ಹೊಸತಲ್ಲ. ‘ಹಿಂಸ್’ ಧಾತುವಿನಿಂದ ವರ್ಣವ್ಯತ್ಯಯವಾಗಿ ‘ಸಿಂಹ’ ಪದ ಸಿದ್ಧಿಸಿತೆಂದು ಸಂಸ್ಕೃತ ವೈಯಾಕರಣರ ಪರಂಪರೆ ಹೇಳುತ್ತದೆ. ದ್ರಾವಿಡ ಭಾಷೆಗಳಲ್ಲಿ ಕನ್ನಡದ ‘ಅವರು’ ಎಂಬುದಕ್ಕೆ ಸಂವಾದಿಯಾಗಿ ತೆಲುಗಿನಲ್ಲಿ ‘ವಾರು’ ಎಂದಾಗಿರುವುದು ಇದೇ ಬಗೆಯ ಧ್ವನಿವ್ಯತ್ಯಾಸದ ಫಲ.

ಪದದ ಕೊನೆಯ ‘ಇಷ್’ ಎಂಬ ಭಾಗವೂ ಫ್ರೆಂಚಿನದೇ. ಫ್ರೆಂಚಿನಲ್ಲಿ ಒಂದು ವರ್ಗದ ಕ್ರಿಯಾಪದಗಳು ಕೆಲವು ರೂಪಗಳಲ್ಲಿ ‘ಇಸ್’ ಎಂಬ ಆಗಮವನ್ನು ಪಡೆಯುತ್ತವೆ. ಆ ರೂಪಗಳು ಇಂಗ್ಲಿಷಿಗೆ ಬಂದಾಗ ‘ಇಸ್’ ಎಂಬುದು ‘ಇಷ್’ ಆಗಿ ನೆಲೆಗೊಂಡಿತು. ಫಿನಿಷ್, ಪನಿಷ್, ಪಾಲಿಶ್, ಫರ್ಬಿಷ್, ಟಾರ್ನಿಷ್ ಮೊದಲಾದುವು ಹೀಗೆ ಬಂದ ಪದಗಳು. ‘ಇಂಗ್ಲಿಷ್’, ‘ಚೈಲ್ಡಿಷ್’ ಎಂಬಂಥ ಗುಣವಾಚಕಗಳ ಕೊನೆಯಲ್ಲಿ ಬರುವ ‘ಇಷ್’ ಬೇರೆ. ಅದು ಜರ್ಮಾನಿಕ್ ಮೂಲದ ಪ್ರತ್ಯಯವಾದುದರಿಂದ ಇವೆರಡನ್ನೂ ಒಂದೆಂದು ಭಾವಿಸಬಾರದು.

‘ಬ್ರುನಿರ್’ ಎಂಬುದರ ಹಿಂದಿರುವ ಪದ ‘ಬ್ರುನ್’, ಅಂದರೆ ಕಂದುಬಣ್ಣ. ಇದು ಲ್ಯಾಟಿನ್ನಿನಿಂದ ಫ್ರೆಂಚಿಗೆ ಬಂದುದಲ್ಲ. ಗಾಲ್ ಪ್ರದೇಶವನ್ನು ಆಳಿದ ಫ್ರಾಂಕರ ಜರ್ಮಾನಿಕ್ ನುಡಿಯಿಂದ ಎರವಲಾಗಿ ಬಂದುದು. ಇಂಗ್ಲಿಷಿನ ‘ಬ್ರೌನ್’ ಕೂಡ ಅದೇ ಜರ್ಮಾನಿಕ್ ಮೂಲದ್ದು. ಹೀಗೆ ‘ಬ್ರೌನ್’ ಮತ್ತು ‘ಬರ್ನಿಷ್’ ಒಂದೇ ಕುಟುಂಬದ ಎರಡು ಕವಲುಗಳು. ಒಂದು ನೇರವಾಗಿ ಉಳಿದು ಬಂದಿತು, ಮತ್ತೊಂದು ಫ್ರೆಂಚಿನ ಮನೆಯಲ್ಲಿ ಬೆಳೆದು ಹಿಂದಿರುಗಿತು. ಈ ಪದಗಳನ್ನು ಇನ್ನೂ ಹಿಂದಕ್ಕೆ ಒಯ್ದರೆ ಇಂಡೋ-ಯುರೋಪಿಯನ್ ಮೂಲದ ಧಾತುವೊಂದಕ್ಕೆ ತಲಪುತ್ತೇವೆ. ನೀರುಪ್ರಾಣಿಯ ಹೆಸರಾದ ‘ಬೀವರ್’ ಅದೇ ಧಾತುವಿಗೆ ಸೇರಿದ್ದು. ಸಂಸ್ಕೃತದ ‘ಬಭ್ರು’ ಕೂಡ ಅದಕ್ಕೇ ಸೇರಿದೆ. ‘ಬಭ್ರು’ ಎಂದರೆ ಕೆಂಗಂದು ಬಣ್ಣ, ಆ ಬಣ್ಣದ ಮುಂಗುಸಿಗೂ ಅದೇ ಹೆಸರು. ಅರ್ಜುನ-ಚಿತ್ರಾಂಗದೆಯರ ಮಗ ಬಭ್ರುವಾಹನನ ಹೆಸರಿನಲ್ಲಿ ಕನ್ನಡಿಗರಿಗೆ ಪರಿಚಿತವಾದ ಪದವೇ ‘ಬರ್ನಿಷ್’ ಎಂಬುದರ ದೂರದ ನೆಂಟನೆಂಬುದು ಕುತೂಹಲದ ಸಂಗತಿ.

೨. ಕಂದಿಗೂ ಕಾಂತಿಗೂ ಏನು ಸಂಬಂಧ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ‘ಬ್ರುನಿರ್’ ಎಂಬುದಕ್ಕೆ ಅಕ್ಷರಶಃ ಅರ್ಥ ‘ಕಂದಾಗಿಸು’ ಎಂದು. ಹೊಳೆಯಿಸುವ ಕೆಲಸಕ್ಕೆ ‘ಕಂದಾಗಿಸು’ ಎಂಬ ಹೆಸರು ಹೇಗೆ ಬಂದಿತು? ಕಂದು ಮಂಕಾದ ಬಣ್ಣವೆಂಬ ಇಂದಿನ ಭಾವನೆಗೆ ಇದು ವಿರುದ್ಧವಾಗಿ ತೋರುತ್ತದೆ.

ಹಳೆಯ ಇಂಗ್ಲಿಷಿನ ಕಾವ್ಯಗಳು ಇದಕ್ಕೆ ಉತ್ತರದ ಒಂದು ಭಾಗವನ್ನು ಒದಗಿಸುತ್ತವೆ. ಆ ಭಾಷೆಯ ‘ಬ್ರೂನ್’ ಎಂಬ ಪದಕ್ಕೆ ಕಪ್ಪುಛಾಯೆ ಮತ್ತು ಹೊಳಪು ಎಂಬ ಎರಡು ಅರ್ಥಗಳೂ ಇದ್ದುವು. ‘ಬೇವುಲ್ಫ್’ ಕಾವ್ಯದಲ್ಲಿ ಗ್ರೆಂಡೆಲನ ತಾಯಿ ಹಿರಿಯುವ ಕಿರುಗತ್ತಿಗೆ ‘ಬ್ರೂನ್’ ಅಲಗಿನದು ಎಂಬ ಸಮಾಸಪದವೇ ವಿಶೇಷಣ. ಕ್ರಿ.ಶ. 991ರ ಯುದ್ಧವನ್ನು ಕುರಿತ ‘ಮಾಲ್ಡನ್ ಕಾಳಗ’ದ ಕಾವ್ಯದಲ್ಲಿಯೂ ಖಡ್ಗಕ್ಕೆ ಅದೇ ವಿಶೇಷಣವಿದೆ. ಬೇವುಲ್ಫ್ ಕಾವ್ಯದಲ್ಲಿ ಶಿರಸ್ತ್ರಾಣವೊಂದನ್ನೂ ಇದೇ ಪದದಿಂದ ವರ್ಣಿಸಲಾಗಿದೆ. ಇವನ್ನು ‘ಕಂದು ಅಲಗಿನ ಕತ್ತಿ’ ಎಂದು ಕೆಲವರೂ ‘ಹೊಳೆಯುವ ಅಲಗಿನ ಕತ್ತಿ’ ಎಂದು ಕೆಲವರೂ ಆಧುನಿಕ ಇಂಗ್ಲಿಷಿಗೆ ಅನುವಾದಿಸಿದ್ದಾರೆ. ಎರಡೂ ಅನುವಾದಗಳು ಅರ್ಧ ಸರಿ. ಆ ಕವಿಗಳ ಕಣ್ಣಿನಲ್ಲಿ ಉಜ್ಜಿ ಹದಗೊಳಿಸಿದ ಉಕ್ಕಿಗೆ ಕಪ್ಪು ಮತ್ತು ಹೊಳಪು ಎಂಬ ಎರಡು ಗುಣಗಳಿರಲಿಲ್ಲ, ಇದ್ದುದು ಒಂದೇ ಗುಣ.

ಉತ್ತರದ ಉಳಿದ ಭಾಗ ಬೆಳಕಿನ ಸ್ವಭಾವದಲ್ಲಿದೆ. ತರಕಲಾದ ಮೇಲ್ಮೈಯ ಮೇಲೆ ಬಿದ್ದ ಬೆಳಕು ಎಲ್ಲ ದಿಕ್ಕುಗಳಿಗೂ ಚದರುತ್ತದೆ. ಆದುದರಿಂದ ಆ ಮೇಲ್ಮೈಯನ್ನು ಯಾವ ಕಡೆಯಿಂದ ನೋಡಿದರೂ ಅದು ಒಂದೇ ಸಮನೆ ತೆಳುವಾಗಿ, ಬಿಳಿಚಿಕೊಂಡಂತೆ ಕಾಣುತ್ತದೆ. ನುಣುಪಾದ ಮೇಲ್ಮೈ ಬೆಳಕನ್ನು ಚದುರಿಸದೆ ಒಂದೇ ದಿಕ್ಕಿಗೆ ಮರಳಿಸುತ್ತದೆ. ಆ ದಿಕ್ಕಿನಲ್ಲಿ ನಿಂತು ನೋಡಿದವರಿಗೆ ಅದು ಥಳಥಳಿಸುತ್ತದೆ, ಉಳಿದ ಕಡೆಗಳಿಂದ ನೋಡಿದರೆ ಗಾಢವಾಗಿ, ಕಪ್ಪಾಗಿ ಕಾಣುತ್ತದೆ. ಕರ್ನಾಟಕದಲ್ಲಿ ಇದಕ್ಕೆ ನಿದರ್ಶನವನ್ನು ಬಹು ದೂರ ಹುಡುಕಬೇಕಾಗಿಲ್ಲ. ಸಾರ್ವಜನಿಕ ಕಟ್ಟಡಗಳಲ್ಲಿ ನಿಲ್ಲಿಸುವ ಕರಿಕಲ್ಲಿನ ಫಲಕಗಳಲ್ಲಿ ನುಣುಪುಗೊಳಿಸಿದ ಭಾಗ ಅಚ್ಚಗಪ್ಪಾಗಿದ್ದು ಕನ್ನಡಿಯಂತೆ ಹೊಳೆಯುತ್ತದೆ. ಅದರಲ್ಲಿ ಕೊರೆದ ಅಕ್ಷರಗಳು, ಬಣ್ಣ ತುಂಬದಿದ್ದರೂ, ಬೂದುಬಿಳಿಯಾಗಿ ತೋರುತ್ತವೆ. ಕಲ್ಲು ಒಂದೇ. ಉಳಿ ತಾಗಿದಲ್ಲಿ ಬಿಳಿ, ನುಣುಪಾದಲ್ಲಿ ಕಪ್ಪು. ನುಣುಪು ಹೆಚ್ಚಿದಂತೆ ಹೊಳಪೂ ಕಪ್ಪೂ ಒಟ್ಟಿಗೇ ಹೆಚ್ಚುತ್ತವೆ.

ಈ ಸತ್ಯವನ್ನು ಕುಶಲಕರ್ಮಿಗಳು ಕಣ್ಣಾರೆ ಬಲ್ಲವರಾಗಿದ್ದರು. ಇಟಲಿಯ ಚಿತ್ರಕಾರ ಚೆನ್ನೀನೋ ಚೆನ್ನೀನಿ ಕ್ರಿ.ಶ. 1400ರ ಸುಮಾರಿನಲ್ಲಿ ಚಿತ್ರಕಲೆಯ ಕೈಪಿಡಿಯೊಂದನ್ನು ರಚಿಸಿದನು. ಫಲಕದ ಮೇಲೆ ಅಂಟಿಸಿದ ಚಿನ್ನದ ತಗಡನ್ನು ಉಜ್ಜಿ ಕಾಂತಿಗೊಳಿಸುವ ಕ್ರಮವನ್ನು ಅವನು ಅದರಲ್ಲಿ ವಿವರವಾಗಿ ಹೇಳುತ್ತಾನೆ. ಉಜ್ಜಲು ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಕಲ್ಲನ್ನೂ ನಾಯಿ, ತೋಳ, ಬೆಕ್ಕು ಮೊದಲಾದ ಮಾಂಸಾಹಾರಿ ಪ್ರಾಣಿಗಳ ಹಲ್ಲುಗಳನ್ನೂ ಬಳಸಬಹುದೆಂದು ತಿಳಿಸುತ್ತಾನೆ. ಸರಿಯಾಗಿ ಉಜ್ಜಿದ ಚಿನ್ನ ತನ್ನ ಹೊಳಪಿನ ಕಾರಣದಿಂದಲೇ ಹೆಚ್ಚುಕಡಿಮೆ ಕಂದಾಗಿ ಕಾಣುತ್ತದೆಂಬುದು ಅವನ ಮಾತಿನ ಸಾರ. ಅಲ್ಲಿ ಅವನು ಬಳಸುವ ವಿಶೇಷಣ ‘ಬ್ರೂನೊ’, ಉಜ್ಜುವ ಕೆಲಸಕ್ಕೆ ಬಳಸುವ ಕ್ರಿಯಾಪದ ‘ಬ್ರುನೀರೆ’. ಕಂದು ಮತ್ತು ಕಾಂತಿಗಳ ನಂಟನ್ನು ನಿಘಂಟುಕಾರರು ಊಹೆಯಿಂದ ಕಟ್ಟಬೇಕಾದ ಅಗತ್ಯವೇ ಇಲ್ಲವೆಂಬುದಕ್ಕೆ ಈ ಕೈಪಿಡಿ ಸಾಕ್ಷಿ.

೩. ಅರ್ಥದ ಕವಲುಗಳು

ಒಂದೇ ಪದದಲ್ಲಿ ಒಂದಾಗಿದ್ದ ಈ ಎರಡು ಭಾವಗಳು ಮುಂದೆ ಬೇರೆ ಬೇರೆ ಭಾಷೆಗಳಲ್ಲಿ ಬೇರೆ ಬೇರೆಯಾದುವು. ಸ್ಪ್ಯಾನಿಷಿನ ‘ಬ್ರುನ್ಯಿರ್’ ಮತ್ತು ಇಂಗ್ಲಿಷಿನ ‘ಬರ್ನಿಷ್’ ಹೊಳಪಿನ ಅರ್ಥವನ್ನು ಉಳಿಸಿಕೊಂಡು ಬಣ್ಣವನ್ನು ಬಿಟ್ಟುವು. ಫ್ರೆಂಚಿನಿಂದ ಜರ್ಮನ್ನಿಗೆ ಹೋದ ‘ಬ್ರ್ಯುನೀರೆನ್’ ಎಂಬ ಪದ ಇಂದು ರಾಸಾಯನಿಕಗಳಿಂದ ಉಕ್ಕಿನ ಮೇಲ್ಮೈಯನ್ನು ಕಪ್ಪಾಗಿಸುವ ಕೆಲಸಕ್ಕೆ ನಿಂತಿದೆ. ಅಲ್ಲಿ ಉಳಿದುದು ಬಣ್ಣ. ಫ್ರೆಂಚಿನಲ್ಲಿ ‘ಬ್ರುನೀರ್’ ಎಂದರೆ ಮುಖ್ಯವಾಗಿ ಬಿಸಿಲಿಗೆ ಮೈ ಕಂದಾಗುವುದು. ಆದರೂ ಅಕ್ಕಸಾಲಿಗರ ಉಜ್ಜುವ ಸಾಧನಕ್ಕೆ ಅಲ್ಲಿ ‘ಬ್ರುನಿಸ್ವಾರ್’ ಎಂಬ ಹೆಸರು ಉಳಿದಿರುವುದರಿಂದ ಹಳೆಯ ಅರ್ಥ ಪೂರ್ತಿ ಅಳಿದಿಲ್ಲ.

ಇಂಗ್ಲಿಷಿನಲ್ಲಿ ಈ ಪದದ ಆರಂಭದ ದಿನಗಳಿಗೆ ಸಂಬಂಧಿಸಿದಂತೆ ಒಂದು ಎಚ್ಚರಿಕೆ ಅಗತ್ಯ. 14ನೆಯ ಶತಮಾನದ ಕೊನೆಯಲ್ಲಿ ಚಾಸರ್ ಕವಿ ‘ನೈಟ್‌ನ ಕಥೆ’ಯಲ್ಲಿ ಯುದ್ಧದೇವತೆ ಮಾರ್ಸ್‌ನ ಗುಡಿಯನ್ನು ವರ್ಣಿಸುವಾಗ ಅದು ಉಕ್ಕಿನಿಂದ ನಿರ್ಮಿತವಾದುದೆಂದು ಹೇಳಿ, ಉಕ್ಕಿಗೆ ‘ಬರ್ನೆಡ್’ ಎಂಬ ವಿಶೇಷಣವನ್ನು ಕೊಡುತ್ತಾನೆ. ಇದನ್ನು ‘ಸುಟ್ಟ ಉಕ್ಕು’ ಎಂದು ಓದಿದರೆ ತಪ್ಪಾಗುತ್ತದೆ. ಇದು ‘ಬುರ್ನಿರ್’ ಎಂಬ ಫ್ರೆಂಚ್ ಕ್ರಿಯಾಪದದಿಂದ ಬಂದ ರೂಪವೇ ಹೊರತು ಉರಿಯನ್ನು ಸೂಚಿಸುವ ‘ಬರ್ನ್’ ಎಂಬ ಜರ್ಮಾನಿಕ್ ಪದವಲ್ಲ. ‘ಇಷ್’ ಅಂತ್ಯದ ರೂಪವೇ ಸ್ಥಿರವಾಗಿ ಉಳಿದುದರಿಂದ ಈ ಎರಡು ಪದಗಳ ನಡುವಣ ಗೊಂದಲ ತಪ್ಪಿತು.

ಶೇಕ್ಸ್‌ಪಿಯರನ ಕಾಲಕ್ಕೆ ಪದ ಹೊಳಪಿನ ಅರ್ಥದಲ್ಲಿ ನೆಲೆ ನಿಂತಿತ್ತು. ಆದರೂ ‘ವೆನಿಸಿನ ವರ್ತಕ’ ನಾಟಕದಲ್ಲಿ ಮೊರಾಕೊ ದೇಶದ ರಾಜಕುಮಾರ ತನ್ನ ಕಪ್ಪು ಮೈಬಣ್ಣ ಸೂರ್ಯನು ತೊಡಿಸಿದ ಸಮವಸ್ತ್ರವೆಂದು ಹೇಳುವಾಗ, ಆ ಸೂರ್ಯನಿಗೆ ಇದೇ ಪದವನ್ನು ವಿಶೇಷಣವಾಗಿ ಬಳಸುತ್ತಾನೆ. ಹೊಳೆಯುವವನು ಸೂರ್ಯ, ಕಪ್ಪಾದವನು ರಾಜಕುಮಾರ. ಅಗಲಿದ ಎರಡು ಅರ್ಥಗಳು ಆ ಒಂದು ಮಾತಿನಲ್ಲಿ ಮತ್ತೆ ಹತ್ತಿರ ಬರುತ್ತವೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ಎಜೆಕಿಯೇಲನ ದರ್ಶನವನ್ನು ವರ್ಣಿಸುವ ಭಾಗದಲ್ಲಿ ಜೀವಿಗಳ ಪಾದಗಳ ಹೊಳಪನ್ನು ಹೇಳಲು ಬಳಸಿರುವುದೂ ಉಜ್ಜಿದ ಹಿತ್ತಾಳೆಯ ಉಪಮೆ. ಇಂದಿನ ಇಂಗ್ಲಿಷ್ ಪತ್ರಿಕಾಭಾಷೆಯಲ್ಲಿ ವ್ಯಕ್ತಿಯ ಅಥವಾ ಸಂಸ್ಥೆಯ ಕೀರ್ತಿಯನ್ನು ಬೆಳಗಿಸುವುದಕ್ಕೂ ಈ ಪದ ಸಲ್ಲುತ್ತದೆ. ಇದಕ್ಕೆ ಎದುರಾದ, ಕೀರ್ತಿಯನ್ನು ಮಸುಳಿಸುವ ಅರ್ಥದ ‘ಟಾರ್ನಿಷ್’ ಎಂಬ ಪದವೂ ಫ್ರೆಂಚಿನಿಂದ ಇದೇ ದಾರಿಯಲ್ಲಿ ಬಂದುದು.

೪. ನಾಲ್ಕು ಪದಗಳು, ನಾಲ್ಕು ಕೆಲಸಗಳು

‘ಬರ್ನಿಷ್’ ಎಂಬುದರ ನಿಜವಾದ ವ್ಯಾಪ್ತಿ ತಿಳಿಯಬೇಕಾದರೆ ಅದರ ನೆರೆಯ ಪದಗಳೊಡನೆ ಇಟ್ಟು ನೋಡಬೇಕು.

‘ಪಾಲಿಶ್’ ಲ್ಯಾಟಿನ್ನಿನ ‘ಪೊಲೀರೆ’ ಎಂಬುದರಿಂದ ಫ್ರೆಂಚಿನ ಮೂಲಕ ಬಂದುದು. ‘ಪೊಲೈಟ್’ ಎಂಬ ಪದವೂ ಅದರ ಸಂತತಿಯೇ. ತಿದ್ದಿ ತೀಡಿದ ನಡತೆ ಎಂಬುದು ಅದರ ಮೂಲಭಾವ. ವಿಶಾಲಾರ್ಥದಲ್ಲಿ ಈ ಪದ ಎಲ್ಲ ಬಗೆಯ ನುಣುಪುಗೊಳಿಸುವಿಕೆಗೂ ಸಲ್ಲುತ್ತದೆ. ತಾಂತ್ರಿಕವಾಗಿ ಹೇಳುವಾಗ ಮಾತ್ರ ಅದು ಸೂಕ್ಷ್ಮವಾದ ಪುಡಿ ಅಥವಾ ಸಾಣೆಯಿಂದ ಮೇಲ್ಮೈಯನ್ನು ಕೊಂಚ ಕೊಂಚವಾಗಿ ಸವೆಸುವ ಕೆಲಸ. ‘ಫರ್ಬಿಷ್’ ಜರ್ಮಾನಿಕ್ ಮೂಲದಿಂದ ಫ್ರೆಂಚಿಗೆ ಹೋಗಿ ಇಂಗ್ಲಿಷಿಗೆ ಬಂದ ಪದ. ಆಯುಧಗಳ ತುಕ್ಕು ತೆಗೆದು ಮತ್ತೆ ಬಳಕೆಗೆ ಸಿದ್ಧಗೊಳಿಸುವುದು ಅದರ ಹಳೆಯ ಕಾಯಕ. ಹಳೆಯ ಕಟ್ಟಡಗಳ ನವೀಕರಣಕ್ಕೆ ಇಂದು ಬಳಸುವ ‘ರೀಫರ್ಬಿಷ್’ ಅದರಿಂದಲೇ ಹುಟ್ಟಿದ್ದು. ‘ವಾರ್ನಿಷ್’ ಶಬ್ದಸಾಮ್ಯದಿಂದ ‘ಬರ್ನಿಷ್’ ಎಂಬುದರ ಒಡಹುಟ್ಟಿನಂತೆ ಕಂಡರೂ ಇವೆರಡಕ್ಕೂ ರಕ್ತಸಂಬಂಧವಿಲ್ಲ. ಅದು ಮರದ ಅಂಟನ್ನು ಸೂಚಿಸುವ ಮಧ್ಯಯುಗದ ಲ್ಯಾಟಿನ್ ನಾಮಪದದಿಂದ ಬಂದುದು. ಅರ್ಥದಲ್ಲಿಯೂ ಅದು ‘ಬರ್ನಿಷ್’ ಎಂಬುದಕ್ಕೆ ವಿರುದ್ಧ. ವಾರ್ನಿಷ್‌ನ ಹೊಳಪು ಲೇಪದ್ದು, ಬರ್ನಿಷ್‌ನ ಹೊಳಪು ವಸ್ತುವಿನದೇ.

ಒತ್ತಿ ಉಜ್ಜುವ ಈ ಕೆಲಸ ಹಲವು ಕಸುಬುಗಳಿಗೆ ಸಾಮಾನ್ಯವಾದುದು. ಚಿನ್ನದ ತಗಡಿನ ಕೆಲಸದಲ್ಲಿ ನುಣುಪಾದ ಅಗೇಟ್ ಕಲ್ಲಿನ ಸಾಧನ ಇಂದಿಗೂ ಬಳಕೆಯಲ್ಲಿದೆ. ಮೊಗಲ್ ಕಾಲದ ಕಿರುಚಿತ್ರಕಾರರು ಕಾಗದವನ್ನು ಇಂಥದೇ ಕಲ್ಲಿನಿಂದ ಉಜ್ಜಿ, ಅದರ ಎಳೆಗಳನ್ನು ಅಡಗಿಸಿ, ಕುಂಚ ಸರಾಗವಾಗಿ ಹರಿಯುವಂತೆ ಸಿದ್ಧಗೊಳಿಸುತ್ತಿದ್ದರು. ಆಧುನಿಕ ಯಂತ್ರಶಿಲ್ಪದಲ್ಲಿ ಗಟ್ಟಿ ಉಕ್ಕಿನ ಉರುಳೆಯಿಂದ ಲೋಹದ ದಂಡವನ್ನು ಒತ್ತಿ ನುಣುಪುಗೊಳಿಸುವುದಕ್ಕೂ ಇದೇ ಹೆಸರು. ಅಲ್ಲಿ ಲೋಹದ ಚೂರುಗಳು ಉದುರುವುದಿಲ್ಲ. ಮೇಲ್ಮೈಯ ಉಬ್ಬುಗಳು ತಗ್ಗುಗಳಿಗೆ ಸರಿದು ಸಮವಾಗುತ್ತವೆ, ಜೊತೆಗೆ ಮೇಲ್ಪದರ ಇನ್ನಷ್ಟು ಗಟ್ಟಿಯಾಗುತ್ತದೆ.

೫. ಕರ್ನಾಟಕದ ನೆಲೆಗಳಲ್ಲಿ ಈ ವ್ಯತ್ಯಾಸ

ಈ ಭೇದ ಕನ್ನಡ ಬರೆಹಗಾರರಿಗೆ ಏಕೆ ಮುಖ್ಯವೆಂಬುದನ್ನು ಕರ್ನಾಟಕದ ನವಶಿಲಾಯುಗದ ನೆಲೆಗಳು ಚೆನ್ನಾಗಿ ತೋರಿಸಿಕೊಡುತ್ತವೆ. 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಬಳ್ಳಾರಿಯ ಬಳಿಯ ಸಂಗನಕಲ್ಲು, ರಾಯಚೂರು ಜಿಲ್ಲೆಯ ಪಿಕ್ಲಿಹಾಳ ಮೊದಲಾದ ನೆಲೆಗಳಲ್ಲಿ ಆ ಕಾಲದ ಎರಡು ಮುಖ್ಯ ಬಗೆಯ ವಸ್ತುಗಳು ಒಟ್ಟಿಗೆ ದೊರೆತಿವೆ. ಒಂದು ಕಲ್ಲಿನ ಕೊಡಲಿ, ಮತ್ತೊಂದು ಕೈಯಿಂದ ಮಾಡಿದ ಬೂದುಬಣ್ಣದ ಮಡಕೆ. ಇಂಗ್ಲಿಷ್ ವರದಿಗಳಲ್ಲಿ ಮೊದಲನೆಯದು ‘ಪಾಲಿಶ್ಡ್’, ಎರಡನೆಯದು ‘ಬರ್ನಿಷ್ಡ್’.

ಈ ಎರಡು ವಿಶೇಷಣಗಳ ಹಿಂದೆ ಎರಡು ಬೇರೆ ಬೇರೆ ತಂತ್ರಗಳಿವೆ. ಕೊಡಲಿಗಾಗಿ ಆಯ್ದ ಕರಿಕಲ್ಲನ್ನು ಮೊದಲು ಚಕ್ಕೆಯೆಬ್ಬಿಸಿ, ಬಳಿಕ ಕುಟ್ಟಿ ಹದಗೊಳಿಸಿ, ಕೊನೆಯಲ್ಲಿ ಬಂಡೆಯ ಮೇಲೆ ಉಜ್ಜಿ ಅಲಗನ್ನು ಸವೆಸುತ್ತಿದ್ದರು. ಸಂಗನಕಲ್ಲು-ಕುಪ್ಪಗಲ್ಲು ಪ್ರದೇಶದಲ್ಲಿ ಇಂಥ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದ ಕುರುಹುಗಳು ದೊರೆತಿವೆ. ಮಡಕೆಯ ಸಂಗತಿ ಬೇರೆ. ಹಸಿಯೂ ಅಲ್ಲದ, ಪೂರ್ತಿ ಒಣಗಿಯೂ ಇರದ ಹದದಲ್ಲಿ ಅದರ ಮೈಯನ್ನು ನುಣುಗಲ್ಲಿನಿಂದಲೋ ಮೂಳೆಯಿಂದಲೋ ಒತ್ತಿ ಉಜ್ಜಿದಾಗ ಜೇಡಿಯ ಸೂಕ್ಷ್ಮ ಹಾಳೆಯಂಥ ಕಣಗಳು ಒಂದೇ ದಿಕ್ಕಿಗೆ ಮಲಗಿ ಒತ್ತಾಗುತ್ತವೆ. ಮೇಲ್ಮೈಯ ರಂಧ್ರಗಳು ಕಡಿಮೆಯಾಗಿ ನೀರು ಜಿನುಗುವುದೂ ತಗ್ಗುತ್ತದೆ. ಹದವಾದ ಉರಿಯಲ್ಲಿ ಸುಟ್ಟರೆ ಆ ಹೊಳಪು ಉಳಿಯುತ್ತದೆ, ಉರಿ ಮಿತಿಮೀರಿದರೆ ಜೇಡಿ ಕುಗ್ಗಿ ಹೊಳಪು ಅಳಿಯುತ್ತದೆ. ಗಾಜಿನಂಥ ಲೇಪವನ್ನರಿಯದ ಜನ ಮಡಕೆಗೆ ಅಂದವನ್ನೂ ಬಾಳಿಕೆಯನ್ನೂ ಗಳಿಸಿಕೊಂಡ ಬಗೆ ಇದು.

ಇವೆರಡಕ್ಕೂ ‘ಮೆರುಗು’ ಎಂಬ ಒಂದೇ ಪದವನ್ನು ಬಳಸಿದರೆ ಈ ತಿಳಿವಳಿಕೆಯೆಲ್ಲ ಕನ್ನಡ ಓದುಗನಿಗೆ ದಕ್ಕದೆ ಹೋಗುತ್ತದೆ. ‘ಮೆರುಗಿನ ಮಡಕೆ’ ಎಂದೊಡನೆ ಮಡಕೆಗೆ ಏನನ್ನೋ ಬಳಿದಿದ್ದಾರೆಂಬ ಭಾವನೆ ಮೂಡುವುದು ಸಹಜ. ‘ಉತ್ತರದ ಕಪ್ಪು ಮೆರುಗಿನ ಮಡಕೆ’ ಎಂದು ಕರೆಯಬಹುದಾದ ಉತ್ತರ ಭಾರತದ ಪ್ರಸಿದ್ಧ ಮಡಕೆಯ ಹೆಸರಿನಲ್ಲಿ ಇಂಗ್ಲಿಷಿನವರು ಇಟ್ಟಿರುವುದು ‘ಪಾಲಿಶ್ಡ್’ ಎಂಬ ವಿಶೇಷಣ. ಅದರ ಹೊಳಪು ಬಂದ ಬಗೆಯ ವಿಷಯದಲ್ಲಿ ವಿದ್ವಾಂಸರಲ್ಲಿ ದೀರ್ಘಕಾಲ ಚರ್ಚೆ ನಡೆದಿದೆ. ಲೇಪ, ಉಜ್ಜುವಿಕೆ, ಉರಿಯ ಹದ ಇವುಗಳಲ್ಲಿ ಯಾವುದರ ಪಾಲು ಎಷ್ಟೆಂಬುದೇ ಆ ಚರ್ಚೆಯ ತಿರುಳು. ಈ ಮೂರಕ್ಕೂ ಬೇರೆ ಬೇರೆ ಹೆಸರುಗಳಿಲ್ಲದ ಭಾಷೆಯಲ್ಲಿ ಅಂಥ ಚರ್ಚೆಯನ್ನು ನಡೆಸುವುದೇ ಕಷ್ಟ.

೬. ಕನ್ನಡದ ಪದಸಂಪತ್ತು

ಕನ್ನಡದಲ್ಲಿ ಪದಗಳ ಕೊರತೆಯೇನೂ ಇಲ್ಲ. ಕೊರತೆಯಿರುವುದು ಅವುಗಳ ನಿಯತವಾದ ಬಳಕೆಯಲ್ಲಿ. ‘ಹೊಳಪು’, ‘ಮೆರುಗು’ ಎಂಬ ಪದಗಳು ಫಲವನ್ನು ಹೇಳುತ್ತವೆಯೇ ಹೊರತು ಅದು ಬಂದ ಬಗೆಯನ್ನಲ್ಲ. ‘ಉಜ್ಜು’, ‘ತಿಕ್ಕು’, ‘ತೀಡು’ ಎಂಬುವು ಕೆಲಸವನ್ನು ಹೇಳುತ್ತವೆ, ಫಲವನ್ನು ಹೇಳುವುದಿಲ್ಲ. ಸಂಸ್ಕೃತದ ‘ಶಾಣ’ದ ತದ್ಭವವಾದ ‘ಸಾಣೆ’ ಸವೆಸುವ ಕೆಲಸಕ್ಕೆ ಖಚಿತವಾದ ಪದ. ವಾರ್ನಿಷ್‌ಗೆ ‘ಮೆರುಗೆಣ್ಣೆ’ ಎಂಬ ಸೊಗಸಾದ ಪದ ಬಳಕೆಯಲ್ಲಿದೆ. ‘ಪಾತ್ರೆ ಬೆಳಗು’ ಎಂಬ ಮನೆಮಾತಿನಲ್ಲಿರುವ ‘ಬೆಳಗು’ ಎಂಬ ಪದ ಕೆಲಸವನ್ನೂ ಫಲವನ್ನೂ ಒಟ್ಟಿಗೆ ಹೇಳುತ್ತದೆ. ಕೊಳೆ, ಕಿಲುಬು ಕಳೆದು ಹೊಳೆಯುವಂತೆ ಮಾಡುವುದೇ ಅದರ ಅರ್ಥವಾದುದರಿಂದ ಅದು ‘ಫರ್ಬಿಷ್’ ಎಂಬುದಕ್ಕೆ ಸಮೀಪದ್ದು.

‘ಬರ್ನಿಷ್’ ಎಂಬುದಕ್ಕೆ ಹೆಚ್ಚು ಹೊಂದುವ ಪದ ‘ಒಪ್ಪ’. ‘ಒಪ್ಪವಿಡು’, ‘ಒಪ್ಪ ಹಾಕು’ ಎಂಬ ಪ್ರಯೋಗಗಳಲ್ಲಿ ಅದು ಹೊಳಪುಗೊಳಿಸುವ ಕೆಲಸವನ್ನು ಸೂಚಿಸುತ್ತದೆ. ‘ಒಪ್ಪ ಓರಣ’ ಎಂಬಲ್ಲಿ ಅಂದವನ್ನೂ ‘ಒಪ್ಪುವ ಮಾತು’ ಎಂಬಲ್ಲಿ ತಕ್ಕುದಾಗಿರುವುದನ್ನೂ ಇದೇ ಮೂಲದ ಪದಗಳು ಸೂಚಿಸುತ್ತವೆ. ಹೊಳಪೆಂಬುದು ಹೊರಗಿನಿಂದ ಬಂದುದಲ್ಲ, ವಸ್ತುವಿಗೆ ಸಲ್ಲುವಂಥದು ಎಂಬ ಭಾವ ಈ ಪದದಲ್ಲಿ ಅಡಗಿದೆ. ‘ಬರ್ನಿಷ್’ ಎಂಬ ಕೆಲಸದ ತಿರುಳೂ ಅದೇ.

ಇದಕ್ಕೆ ಒಂದು ಆಕ್ಷೇಪ ಸಾಧ್ಯ. ರತ್ನಗಳ ವಿಷಯದಲ್ಲಿಯೂ ‘ಒಪ್ಪವಿಡು’ ಎಂಬ ಪ್ರಯೋಗವುಂಟು. ರತ್ನಗಳನ್ನು ನುಣುಪುಗೊಳಿಸುವುದು ಸಾಣೆಯಿಂದ ಸವೆಸಿ. ಹಾಗಾದರೆ ‘ಒಪ್ಪ’ ಎಂಬುದನ್ನು ಒತ್ತಿ ಉಜ್ಜುವ ಕೆಲಸಕ್ಕೆ ಮಾತ್ರ ಮೀಸಲಿಡುವುದು ಹೇಗೆ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಪಾರಿಭಾಷಿಕ ಪದಗಳೆಲ್ಲವೂ ವಿಶಾಲವಾದ ಆಡುಮಾತಿನಿಂದ ಆಯ್ದು ಕಿರಿದುಗೊಳಿಸಿದುವೇ. ಇಂಗ್ಲಿಷಿನ ‘ಪಾಲಿಶ್’ ಕೂಡ ಸಾಮಾನ್ಯ ಬಳಕೆಯಲ್ಲಿ ಎಲ್ಲಕ್ಕೂ ಸಲ್ಲುತ್ತಿದ್ದು, ಶಾಸ್ತ್ರಗ್ರಂಥಗಳಲ್ಲಿ ಮಾತ್ರ ಮಿತಗೊಂಡಿದೆ. ಸವೆಸಿ ನುಣುಪುಗೊಳಿಸಿದುದಕ್ಕೆ ‘ಸಾಣೆಗೊಂಡ’, ಒತ್ತಿ ಉಜ್ಜಿ ಕಾಂತಿಗೊಳಿಸಿದುದಕ್ಕೆ ‘ಒಪ್ಪವಿಟ್ಟ’, ಲೇಪದಿಂದ ಹೊಳಪು ಬಂದುದಕ್ಕೆ ‘ಮೆರುಗೆಣ್ಣೆಯ’ ಅಥವಾ ‘ಲೇಪಿತ’ ಎಂಬ ವಿಶೇಷಣಗಳನ್ನು ನಿಯತವಾಗಿ ಬಳಸುತ್ತ ಬಂದರೆ ಕೆಲವೇ ವರ್ಷಗಳಲ್ಲಿ ಅವು ನೆಲೆಗೊಳ್ಳಬಲ್ಲುವು. ಹೊಳಪು ಬಂದ ಬಗೆ ಖಚಿತವಾಗಿರದ ಕಡೆಗಳಲ್ಲಿ ‘ಮೆರುಗು’ ಎಂಬ ಸಾಮಾನ್ಯ ಪದವನ್ನೇ ಉಳಿಸಿಕೊಳ್ಳುವುದು ಉಚಿತ. ಆಗ ‘ಮೆರುಗು’ ಎಂಬುದೇ ಇನ್ನೂ ನಿರ್ಣಯವಾಗದ ಸಂಗತಿಯ ಸೂಚನೆಯಾಗಿಯೂ ಒದಗಿಬರುತ್ತದೆ.

ಸಂಗನಕಲ್ಲಿನ ಕೊಡಲಿಯೂ ಮಡಕೆಯೂ ವಸ್ತುಸಂಗ್ರಹಾಲಯವೊಂದರ ಒಂದೇ ಕಪಾಟಿನಲ್ಲಿ ಅಕ್ಕಪಕ್ಕದಲ್ಲಿ ಇರುವುದುಂಟು. ಒಂದರ ಕೆಳಗೆ ‘ಸಾಣೆಗೊಂಡ ಕಲ್ಲಿನ ಕೊಡಲಿ’ ಎಂದೂ ಮತ್ತೊಂದರ ಕೆಳಗೆ ‘ಒಪ್ಪವಿಟ್ಟ ಬೂದುಬಣ್ಣದ ಮಡಕೆ’ ಎಂದೂ ಬರೆದಿದ್ದರೆ, ನಾಲ್ಕು ಸಾವಿರ ವರ್ಷಗಳ ಹಿಂದೆ ಎರಡು ಜೊತೆ ಕೈಗಳು ಮಾಡಿದ ಎರಡು ಬೇರೆ ಕೆಲಸಗಳು ಎದುರಿಗೆ ನಿಂತ ವಿದ್ಯಾರ್ಥಿಗೆ ಎರಡು ಪದಗಳಲ್ಲಿಯೇ ತಿಳಿಯುತ್ತವೆ.